ಎಲೆ ಉಣ್ಣುವ ಹಳ್ಳದ ಮೀನು

ಅಮೆರಿಕದ ಅಪಲೇಶಿಯನ್ ಬೆಟ್ಟಗಳಲ್ಲಿ ಎಲೆಯುದುರುವ ಕಾಲ ಮುಗಿಯುತ್ತ ಬಂದಾಗ ಬ್ರೂಕ್ ಟ್ರೌಟ್ ಮೀನು ಮೊಟ್ಟೆಯಿಡುತ್ತದೆ. ಆ ಹೊತ್ತಿನಲ್ಲಿ ಗಾಳದ ಕೋಲು ಹಿಡಿದು ಹಳ್ಳಕ್ಕೆ ಇಳಿಯುವವರು ಮೀನಿಗಿಂತ ಮೊದಲು ಕಾಡನ್ನು ಓದಲು ಕಲಿಯಬೇಕು.

ಅಕ್ಟೋಬರ್ ನಡುವಿನ ಶನಿವಾರ, ಭಾನುವಾರಗಳಲ್ಲಿ ವರ್ಜೀನಿಯಾ ರಾಜ್ಯದ ಸ್ಕೈಲೈನ್ ಡ್ರೈವ್‌ನಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಬ್ಲೂ ರಿಜ್ ಬೆಟ್ಟಸಾಲಿನ ನೆತ್ತಿಯ ಮೇಲೆ, ಶೆನಂಡೋವ ರಾಷ್ಟ್ರೀಯ ಉದ್ಯಾನದ ಉದ್ದಕ್ಕೂ 105 ಮೈಲಿ ಸಾಗುವ ರಸ್ತೆ ಇದು. ಮೇಪಲ್, ಓಕ್, ಹಿಕರಿ ಮರಗಳು ಕೆಂಪಿಗೆ, ಹಳದಿಗೆ ತಿರುಗುವುದನ್ನು ನೋಡಲು ಜನ ಮುಗಿಬೀಳುತ್ತಾರೆ. ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡದ ಕುಟುಂಬಗಳೂ ಚಿತ್ರಾನ್ನ, ಮೊಸರನ್ನದ ಡಬ್ಬಿ ಕಟ್ಟಿಕೊಂಡು ಬರುತ್ತವೆ. ದೀಪಾವಳಿ ಕಳೆದು ನವೆಂಬರ್ ಮುಂದುವರಿದಂತೆ ಬಣ್ಣ ಮಾಸುತ್ತದೆ, ಎಲೆ ನೆಲ ಸೇರುತ್ತದೆ, ಜನ ಮನೆ ಸೇರುತ್ತಾರೆ. ಇನ್ನೇನು ನೋಡುವುದಿದೆ ಎಂದು ಎಲ್ಲರೂ ಬೆನ್ನು ತಿರುಗಿಸುವ ಆ ಹೊತ್ತಿನಲ್ಲೇ ಕೆಳಗಿನ ಕಣಿವೆಗಳಲ್ಲಿ ವರ್ಷದ ಬಹುಮುಖ್ಯ ಕೆಲಸ ನಡೆದಿರುತ್ತದೆ. ಬ್ರೂಕ್ ಟ್ರೌಟ್ ಮೊಟ್ಟೆಯಿಡುತ್ತಿರುತ್ತದೆ. ಬಿದ್ದ ಎಲೆಯನ್ನು ಹಳ್ಳ ಉಣ್ಣತೊಡಗಿರುತ್ತದೆ.

ಈ ಎರಡಕ್ಕೂ ಗಾಢವಾದ ನಂಟಿದೆ. ಟ್ರೌಟ್ ನೀರಿನಲ್ಲಿ ಬದುಕುತ್ತದೆ ನಿಜ, ಆದರೆ ಅದನ್ನು ಸಾಕುವುದು ಕಾಡು. ಚಳಿಗಾಲದ ಹೊಸ್ತಿಲಲ್ಲಿ ಗಾಳ ಹಿಡಿದು ಹಳ್ಳ ಹತ್ತುವವರಿಗೆ ಇದು ಅರ್ಥವಾಗುವಷ್ಟು ಸ್ಪಷ್ಟವಾಗಿ ಬೇರೆ ಯಾವ ಋತುವಿನಲ್ಲೂ ಆಗುವುದಿಲ್ಲ.

ರಾಪಿಡಾನ್, ರೋಸ್, ಹ್ಯೂಸ್, ಹೇಜಲ್, ಕಾನ್ವೇ. ನಕ್ಷೆಯಲ್ಲಿ ಇವೆಲ್ಲ ನದಿಗಳು. ಮಲೆನಾಡಿನಿಂದ ಬಂದವರ ಕಣ್ಣಿಗೆ ಅಪ್ಪಟ ಹಳ್ಳಗಳು. ಬೆಟ್ಟದ ಮೇಲ್ಭಾಗದಲ್ಲಿ ಎಷ್ಟೋ ಕಡೆ ನಾಲ್ಕು ಹೆಜ್ಜೆಗೆ ಆಚೆ ದಡ ಮುಟ್ಟಬಹುದು. ನೀರು ಬಂಡೆಯಿಂದ ಧುಮುಕುತ್ತದೆ, ಕೆಳಗೊಂದು ಗುಂಡಿ ಮಾಡುತ್ತದೆ, ಗುಂಡಿಯ ತುದಿಯಲ್ಲಿ ಹರಳುಕಲ್ಲಿನ ಮೇಲೆ ತೆಳ್ಳಗೆ ಹರಡಿ ಮತ್ತೊಂದು ಬಂಡೆಯಿಂದ ಧುಮುಕುತ್ತದೆ. ಕೊನೆಗೆ ಇವೆಲ್ಲ ರಾಪಹಾನಕ್ ನದಿಗೆ ಸೇರಿ ಚೆಸಪೀಕ್ ಕೊಲ್ಲಿಯ ಉಪ್ಪುನೀರಿನಲ್ಲಿ ಒಂದಾಗುತ್ತವೆ.

ತಣ್ಣೀರಿನ ಜೀವ

ಬ್ರೂಕ್ ಟ್ರೌಟ್ ಉತ್ತರ ಅಮೆರಿಕದ ಪೂರ್ವಭಾಗದ ಮೂಲನಿವಾಸಿ ಮೀನು. ವರ್ಜೀನಿಯಾ, ಪೆನ್ಸಿಲ್ವೇನಿಯಾ, ನ್ಯೂಯಾರ್ಕ್, ಮಿಷಿಗನ್ ಮುಂತಾದ ಹಲವು ರಾಜ್ಯಗಳು ಇದನ್ನು ರಾಜ್ಯದ ಮೀನೆಂದು ಗೌರವಿಸಿವೆ. ಹೆಸರಿನಲ್ಲಿ ಟ್ರೌಟ್ ಇದ್ದರೂ ವಂಶಾವಳಿಯಲ್ಲಿ ಇದು ಚಾರ್ ಎಂಬ ಸೋದರ ಗುಂಪಿಗೆ ಸೇರುತ್ತದೆ. ಬೆನ್ನಿನ ಗಾಢ ಹಸಿರಿನ ಮೇಲೆ ಸುರುಳಿ ಸುರುಳಿಯಾದ ತಿಳಿ ಗೆರೆಗಳು. ಪಕ್ಕೆಯಲ್ಲಿ ಕೆಂಪು ಚುಕ್ಕೆಗಳು, ಒಂದೊಂದು ಚುಕ್ಕೆಯ ಸುತ್ತಲೂ ನೀಲಿ ಬಳೆ. ಹೊಟ್ಟೆಯಡಿಯ ಈಜುರೆಕ್ಕೆಗಳ ಅಂಚು ಅಚ್ಚ ಬಿಳಿ, ಅದಕ್ಕೆ ತಾಗಿ ಒಂದು ಕಪ್ಪು ಪಟ್ಟಿ. ಮೊಟ್ಟೆಯಿಡುವ ಕಾಲ ಬಂತೆಂದರೆ ಗಂಡಿನ ಹೊಟ್ಟೆ ಕಿತ್ತಳೆಗೆ ತಿರುಗಿ, ಮೇಲೆ ಮರದಲ್ಲಿ ಮುಗಿದ ಬಣ್ಣವೆಲ್ಲ ಕೆಳಗೆ ಮೀನಿನ ಮೈಗೆ ಬರುತ್ತದೆ.

ಇಷ್ಟೆಲ್ಲ ಚೆಲುವು ಇರುವುದು ಅಂಗೈಯಷ್ಟು ಉದ್ದದ ಮೈಯಲ್ಲಿ. ಈ ಹಳ್ಳಗಳಲ್ಲಿ ಎಂಟೊಂಬತ್ತು ಅಂಗುಲದ ಟ್ರೌಟ್ ಸಿಕ್ಕರೆ ದೊಡ್ಡ ಮೀನೆಂದೇ ಲೆಕ್ಕ. ಆಯುಸ್ಸೂ ಚಿಕ್ಕದು, ಸಾಮಾನ್ಯವಾಗಿ ಮೂರೋ ನಾಲ್ಕೋ ವರ್ಷ. ಅದಕ್ಕೆ ಬೇಕಾದ್ದು ಮುಖ್ಯವಾಗಿ ಎರಡು: ತಣ್ಣನೆಯ ನೀರು, ಶುಚಿಯಾದ ಕಲ್ಲು. ನೀರು 20 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಅದಕ್ಕೆ ಸಂಕಟ, 25ರ ಆಸುಪಾಸಿಗೆ ಹೋದರೆ ಪ್ರಾಣಕ್ಕೇ ಕುತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನಿಗೆ ಬೇಕಾಗುವ ಆಮ್ಲಜನಕ ಮಾತ್ರ ಹೆಚ್ಚುತ್ತದೆ. ಹಾಗಾಗಿ ಬೇಸಿಗೆಯ ಸೆಕೆಯಲ್ಲಿ ತಿಳಿದ ಗಾಳಗಾರರು ಈ ಹಳ್ಳಗಳಿಗೆ ಬರುವುದಿಲ್ಲ. ಗಾಳಕ್ಕೆ ಸಿಕ್ಕು ಒದ್ದಾಡಿದ ಮೀನನ್ನು ಬಿಟ್ಟರೂ ಅದು ಬದುಕುವ ನಂಬಿಕೆ ಇರುವುದಿಲ್ಲ. ಎಲೆಯುದುರುವ ಕಾಲಕ್ಕೆ ನೀರು ಹತ್ತು ಡಿಗ್ರಿಗೆ ಇಳಿದು ಮೀನಿನ ಮೈಗೆ ಮತ್ತೆ ಚೈತನ್ಯ ಬರುತ್ತದೆ.

ಮಧ್ಯಾಹ್ನದ ಗಾಳ

ನಮ್ಮೂರ ಕಡೆ ಗಾಳವೆಂದರೆ ಎರೆಹುಳು, ಬೆಂಡು, ಒಂದು ಬಿದಿರಿನ ಕೋಲು. ಶೆನಂಡೋವದಲ್ಲಿ ಎರೆಹುಳುವಿಗೆ ಅವಕಾಶವಿಲ್ಲ. ಒಂಟಿ ಕೊಕ್ಕೆಯ ಕೃತಕ ಆಹಾರವನ್ನೇ ಬಳಸಬೇಕು. ಇಲ್ಲಿ ಬರುವ ಬಹಳಷ್ಟು ಮಂದಿ ಫ್ಲೈ ಫಿಶಿಂಗ್ ಮಾಡುವವರು. ಪುಟ್ಟ ಕೊಕ್ಕೆಯ ಮೇಲೆ ಕೋಳಿಯ ಗರಿ, ಜಿಂಕೆಯ ಕೂದಲು, ನೂಲು ಸುತ್ತಿ ಹುಳದ ರೂಪ ಕೊಡುತ್ತಾರೆ. ಇದೇ ಫ್ಲೈ. ಅದಕ್ಕೆ ತೂಕವೆಂಬುದೇ ಇಲ್ಲ, ಹಾಗಾಗಿ ಎಸೆಯುವ ದಪ್ಪ ದಾರವೇ ತನ್ನ ತೂಕದಿಂದ ಅದನ್ನು ಹೊತ್ತೊಯ್ಯಬೇಕು. ಮಿಷಿಗನ್‌ನ ಲೆನ್ ಹ್ಯಾಲಡೇ 1922ರಲ್ಲಿ ಕಟ್ಟಿದ ಬೂದುಬಣ್ಣದ ‘ಆಡಮ್ಸ್’ ಇಂದಿಗೂ ಎಲ್ಲರ ಡಬ್ಬಿಯಲ್ಲಿರುತ್ತದೆ. ಅದರ ಪಕ್ಕದಲ್ಲೇ ವರ್ಜೀನಿಯಾದ ಹ್ಯಾರಿ ಮರ್ರೆ ಈ ಬೆಟ್ಟಗಳ ಹಳ್ಳಗಳಿಗೆಂದೇ ರೂಪಿಸಿದ ‘ಮಿಸ್ಟರ್ ರಾಪಿಡಾನ್’ ಇರುತ್ತದೆ.

ನವೆಂಬರ್‌ನಲ್ಲಿ ಬೆಳಕು ಹರಿಯುವ ಮೊದಲೇ ಹಳ್ಳಕ್ಕೆ ಓಡಬೇಕಿಲ್ಲ. ರಾತ್ರಿಯ ಚಳಿಗೆ ನೀರು ಕೊರೆಯುತ್ತಿರುತ್ತದೆ, ಮೀನು ಬಂಡೆಯಡಿ ಅಲುಗಾಡದೆ ನಿಂತಿರುತ್ತದೆ. ಸೂರ್ಯ ಕಣಿವೆಯೊಳಕ್ಕೆ ಇಣುಕಿ ನೀರು ಒಂದೆರಡು ಡಿಗ್ರಿ ಏರಿದ ಮೇಲೆ, ಹನ್ನೊಂದರಿಂದ ಮೂರು ಗಂಟೆಯ ನಡುವೆ, ಅದಕ್ಕೆ ಹಸಿವಾಗುತ್ತದೆ. ಬೇಸಿಗೆಯಲ್ಲಿ ಮರದಿಂದ ಉದುರುವ ಇರುವೆ, ಜೀರುಂಡೆ, ಕಂಬಳಿಹುಳಗಳೇ ಅದರ ದೊಡ್ಡ ಊಟ. ಚಳಿಗೆ ಅವೆಲ್ಲ ನಿಂತುಹೋಗಿವೆ. ಈಗೇನಿದ್ದರೂ ಹಳ್ಳದೊಳಗೇ ಹುಟ್ಟಿ ಬೆಳೆದ ಹುಳಗಳು. ಮೋಡ ಕವಿದ ಮಧ್ಯಾಹ್ನ ನೀರಿನಿಂದ ಬೂದುರೆಕ್ಕೆಯ ಸಣ್ಣ ಮೇಫ್ಲೈಗಳು ಮೇಲೇಳುತ್ತವೆ, ಗುಂಡಿಯಲ್ಲಿ ಒಂದೊಂದಾಗಿ ಬಳೆಯಾಕಾರದ ಅಲೆಗಳು ಕಾಣಿಸತೊಡಗುತ್ತವೆ.

ಇದು ಹಳ್ಳದಲ್ಲಿ ನೀರು ತೀರ ಇಳಿದು ಕನ್ನಡಿಯಷ್ಟು ತಿಳಿಯಾಗಿರುವ ಕಾಲ. ತಲೆಯ ಮೇಲೆ ಎಲೆಯ ಮರೆಯೂ ಇಲ್ಲ. ಮಿಂಚುಳ್ಳಿಗೂ ಕೊಕ್ಕರೆಗೂ ಹೆದರಿ ಬದುಕುವ ಮೀನು ನೆರಳು ಅಲುಗಿದರೂ ಸಾಕು, ಬಂಡೆಯ ಬುಡ ಸೇರುತ್ತದೆ. ಟ್ರೌಟ್ ಯಾವಾಗಲೂ ಹರಿವಿಗೆ ಮುಖಮಾಡಿ ನಿಲ್ಲುವುದರಿಂದ ಕೆಳಗಿನಿಂದ ಮೇಲಕ್ಕೆ ಹಳ್ಳ ಹತ್ತುತ್ತ ಅದರ ಬೆನ್ನ ಹಿಂದಿನಿಂದ ಬರಬೇಕು. ಮೊಣಕಾಲೂರಿ, ಬಂಡೆಯ ಮರೆಯಲ್ಲಿ ಬಗ್ಗಿ, ಗುಂಡಿ ಕಣ್ಣಿಗೆ ಬೀಳುವಷ್ಟೇ ತಲೆ ಎತ್ತಬೇಕು. ಮೌಂಟನ್ ಲಾರೆಲ್ ಪೊದೆಗಳು ಎರಡೂ ದಡದಿಂದ ಬಾಗಿರುವ ಕಡೆ ಕೋಲು ಬೀಸಲು ಜಾಗವೇ ಇರುವುದಿಲ್ಲ. ಅಲ್ಲಿ ಫ್ಲೈಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು ಹಿಂದಕ್ಕೆ ಎಳೆಯುತ್ತಾರೆ. ಕೋಲು ಬಿಲ್ಲಾಗಿ ಬಾಗುತ್ತದೆ. ಬೆರಳು ಸಡಿಲಿಸಿದರೆ ಫ್ಲೈ ಪೊದೆಯ ಕೆಳಗಿನ ಒಂದಡಿ ಸಂದಿಯಲ್ಲಿ ನುಗ್ಗಿ ನೊರೆಯ ಪಕ್ಕದಲ್ಲಿ ಇಳಿಯುತ್ತದೆ. ತೇಲುವ ಎಲೆಗಳ ನಡುವೆ ಅದು ಒಂದು ಮೊಳ ಸಾಗುವುದರೊಳಗೆ ಏನಾಗಬೇಕೋ ಅದು ಆಗಬೇಕು. ಆಮೇಲೆ ಕೊಕ್ಕೆಗೆ ಎಲೆ ಸಿಕ್ಕಿಕೊಳ್ಳುತ್ತದೆ, ಬಿಡಿಸಿಕೊಂಡು ಮತ್ತೆ ಶುರುಮಾಡಬೇಕು.

ಮೀನು ಸಿಕ್ಕರೆ ಕೈ ಮೊದಲು ಒದ್ದೆಯಾಗಬೇಕು. ಒಣಗೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬಂದು ರೋಗಕ್ಕೆ ದಾರಿಯಾಗುತ್ತದೆ. ಮುಳ್ಳಿಲ್ಲದ ಕೊಕ್ಕೆಯನ್ನು ನೀರಿನೊಳಗೇ ಬಿಡಿಸಿ, ಹರಿವಿಗೆ ಮುಖ ಮಾಡಿಸಿ ಬಿಟ್ಟರೆ ಒಂದೇ ಬಾಲದೇಟಿಗೆ ಮಾಯವಾಗುತ್ತದೆ. ಈ ಕಾಲದಲ್ಲಿ ಹಿಡಿದ ಟ್ರೌಟನ್ನು ಮನೆಗೆ ಒಯ್ಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊಟ್ಟೆಯ ಹೊಣೆ ಹೊತ್ತ ಜೀವ ಅದು.

ಕಾಲಿಡಬಾರದ ಜಾಗ

ಗಾಳ ಬೀಸುವ ಜಾಣ್ಮೆಗಿಂತ ಮುಖ್ಯವಾದ ಇನ್ನೊಂದು ವಿದ್ಯೆ ಈ ಋತುವಿಗೆ ಬೇಕು. ಅದು ಎಲ್ಲಿ ಕಾಲಿಡಬಾರದು ಎಂದು ತಿಳಿಯುವುದು.

ಅಕ್ಟೋಬರ್ ನಡುವಿನಿಂದ ನವೆಂಬರ್‌ವರೆಗೆ ಹೆಣ್ಣು ಟ್ರೌಟ್ ಗೂಡು ತೋಡುತ್ತದೆ. ಗುಂಡಿಯ ತುದಿಯಲ್ಲಿ, ಮೊಣಕಾಲು ಮುಳುಗದಷ್ಟು ನೀರಿನಲ್ಲಿ, ಕಲ್ಲಿನಡಿಯಿಂದ ಒರತೆಯ ನೀರು ಮೇಲೇಳುವ ತಾಣವನ್ನು ಅದು ಹುಡುಕಿಕೊಳ್ಳುತ್ತದೆ. ಚಳಿಗಾಲದಲ್ಲಿ ಒರತೆಯ ನೀರು ಹೆಪ್ಪುಗಟ್ಟುವುದಿಲ್ಲ, ಮೊಟ್ಟೆಗೆ ಆಮ್ಲಜನಕ ಸಿಗುತ್ತಲೇ ಇರುತ್ತದೆ. ದಡದ ಬಂಡೆಯ ಮೇಲೆ ಮಿಸುಕದೆ ಕುಳಿತರೆ ಇಡೀ ಕೆಲಸವನ್ನು ನೋಡಬಹುದು. ಹೆಣ್ಣು ಮಗ್ಗುಲಾಗಿ ಹೊರಳುತ್ತದೆ, ಅದರ ಪಕ್ಕೆ ಒಂದು ಕ್ಷಣ ಬೆಳ್ಳಗೆ ಹೊಳೆಯುತ್ತದೆ. ಬಾಲವನ್ನು ಪಟಪಟನೆ ಬಡಿದಾಗ ಕಲ್ಲಿನ ಸಂದಿಯ ಹೂಳು ಮೇಲೆದ್ದು ಹರಿವಿನಲ್ಲಿ ತೇಲಿಹೋಗುತ್ತದೆ, ಹರಳುಗಳು ಗೇಣಷ್ಟು ಕೆಳಕ್ಕೆ ಸರಿಯುತ್ತವೆ. ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮತ್ತೆ ಹೊರಳುತ್ತದೆ. ಪಕ್ಕದಲ್ಲಿ ಕಿತ್ತಳೆ ಹೊಟ್ಟೆಯ ಗಂಡು ನಿಂತು, ಹತ್ತಿರ ಸುಳಿದ ಚಿಕ್ಕ ಗಂಡುಗಳನ್ನು ಅಟ್ಟುತ್ತಿರುತ್ತದೆ. ತೋಡಿದ ಕುಳಿಯಲ್ಲಿ ಮೊಟ್ಟೆ ಬಿದ್ದೊಡನೆ ಹೆಣ್ಣು ಸ್ವಲ್ಪ ಮೇಲಿನಿಂದ ಕಲ್ಲು ಕೆದಕಿ ಅದನ್ನು ಮುಚ್ಚುತ್ತದೆ. ಆಮೇಲೆ ಎರಡೂ ಹೊರಟುಹೋಗುತ್ತವೆ. ಕಾವಲು ಕಾಯುವವರು ಯಾರೂ ಇಲ್ಲ.

ಉಳಿಯುವ ಗುರುತೆಂದರೆ, ಪಾಚಿ ಹಿಡಿದ ಕಂದು ಕಲ್ಲುಗಳ ನಡುವೆ ತೊಳೆದಿಟ್ಟಷ್ಟು ತಿಳಿಯಾದ ಒಂದು ತಾವು, ಅದರ ಕೆಳಗೆ ಹರಳಿನ ಸಣ್ಣ ದಿಬ್ಬ. ಕೆಲವೇ ದಿನಗಳಲ್ಲಿ ಎಲೆ ಬಿದ್ದು ಅದೂ ಮುಚ್ಚಿಹೋಗುತ್ತದೆ. ನೀರು ಎಷ್ಟು ತಣ್ಣಗಿದೆ ಎಂಬುದನ್ನು ನೋಡಿಕೊಂಡು ಮೊಟ್ಟೆ ಒಡೆಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಹೊರಬಂದ ಮರಿ ಹೊಟ್ಟೆಗಂಟಿದ ಹಳದಿಯ ಚೀಲವನ್ನೇ ಉಂಡು ಕಲ್ಲಿನ ಸಂದಿಯಲ್ಲೇ ಮತ್ತಷ್ಟು ದಿನ ಕಳೆದು ವಸಂತದ ಹೊತ್ತಿಗೆ ನೀರಿಗೆ ಬರುತ್ತದೆ. ಅಷ್ಟರೊಳಗೆ ಆ ಹರಳಿನ ಮೇಲೆ ಒಂದು ಬೂಟು ಬಿದ್ದರೂ ಹಳ್ಳದ ಮುಂದಿನ ವರ್ಷದ ಮೀನು ಕಾಲಡಿಯಲ್ಲಿ ಸಾಯುತ್ತದೆ. ಅದಕ್ಕೇ ಈ ಕಾಲದಲ್ಲಿ ದಡದ ಮೇಲೆ ನಡೆಯಬೇಕು, ದಾಟಲೇಬೇಕಾದರೆ ದೊಡ್ಡ ಬಂಡೆಗಳ ಮೇಲೆ ದಾಟಬೇಕು, ಗೂಡಿನ ಮೇಲೆ ಜೋಡಿ ಕಂಡರೆ ಗಾಳ ಹಾಕದೆ ಮುಂದಿನ ಗುಂಡಿಗೆ ಹೋಗಬೇಕು.

ಎಲೆಯೇ ಅನ್ನ

ಈ ಹಳ್ಳಗಳ ಮೇಲೆ ವರ್ಷದ ಹೆಚ್ಚು ಭಾಗ ಮರದ ನೆರಳು. ಬಿಸಿಲು ಬೀಳದ ಕಡೆ ಪಾಚಿ ಹೆಚ್ಚು ಬೆಳೆಯುವುದಿಲ್ಲ. ಹಾಗಾದರೆ ಇಷ್ಟು ಜೀವಗಳಿಗೆ ಊಟ ಎಲ್ಲಿಂದ? ಉದುರಿದ ಎಲೆಯಿಂದ. ಪೆನ್ಸಿಲ್ವೇನಿಯಾದ ಸ್ಟ್ರೌಡ್ ಜಲ ಸಂಶೋಧನಾ ಕೇಂದ್ರದ ರಾಬಿನ್ ವ್ಯಾನೋಟ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಪ್ರಬಂಧ ನದಿಯನ್ನು ಮೂಲದಿಂದ ಮುಖದವರೆಗೆ ಒಂದೇ ಜೀವಂತ ಎಳೆಯಾಗಿ ಕಂಡಿತು. ನೆತ್ತಿಯ ಹಳ್ಳಗಳು ಬಿಸಿಲಿಗಿಂತ ಕಾಡನ್ನೇ ನೆಚ್ಚಿಕೊಂಡಿವೆ ಎಂಬುದು ಅದರ ಮುಖ್ಯ ಮಾತುಗಳಲ್ಲೊಂದು.

ನೀರಿಗೆ ಬಿದ್ದ ಎಲೆಯನ್ನು ಹುಳಗಳು ಒಡನೆಯೇ ತಿನ್ನುವುದಿಲ್ಲ. ಅಕ್ಕಿ, ಉದ್ದು ರುಬ್ಬಿಟ್ಟ ಹಿಟ್ಟು ಹುದುಗು ಬಂದ ಮೇಲಷ್ಟೇ ಇಡ್ಲಿಗೆ ಒದಗುವಂತೆ, ಎಲೆಗೂ ಹದ ಬರಬೇಕು. ಕೆಲವು ವಾರ ನೀರಿನಲ್ಲಿ ನೆನೆದು, ಶಿಲೀಂಧ್ರ ಮತ್ತು ಬ್ಯಾಕ್ಟೀರಿಯಾ ಹತ್ತಿ ಮೆತ್ತಗಾದ ಮೇಲೆ ಸ್ಟೋನ್‌ಫ್ಲೈ, ಕ್ಯಾಡಿಸ್ ಹುಳಗಳ ಮರಿಗಳು ಅದನ್ನು ಕತ್ತರಿಸಿ ತಿನ್ನತೊಡಗುತ್ತವೆ. ಬಂಡೆಗೆ ಒತ್ತಿಕೊಂಡಿರುವ ಎಲೆಯ ರಾಶಿಯಿಂದ ಒಂದನ್ನು ಬಿಡಿಸಿ ನೋಡಿದರೆ ನಾರಿನ ಬಲೆ ಮಾತ್ರ ಉಳಿದಿರುತ್ತದೆ, ನಡುವಿನ ತಿರುಳೆಲ್ಲ ಖಾಲಿ. ಅದರ ಹಿಂದೆ ಕಡ್ಡಿ, ಎಲೆಯ ಚೂರು ಅಂಟಿಸಿ ಕಟ್ಟಿದ ಗೂಡನ್ನು ಹೊತ್ತು ತೆವಳುವ ಕ್ಯಾಡಿಸ್ ಹುಳ ಕಾಣುತ್ತದೆ. ಆ ಹುಳ ಟ್ರೌಟಿನ ಊಟ. ಅವು ಉದುರಿಸಿದ ಪುಡಿ ಕೆಳಗಿನ ಹಳ್ಳದ ಬೇರೆ ಹುಳಗಳ ಊಟ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಉತ್ತರ ಕೆರೊಲಿನಾದ ಕೊವೀಟಾ ಪ್ರಯೋಗಾಲಯದ ಕಾಡಿನಲ್ಲಿ ಬ್ರೂಸ್ ವಾಲೆಸ್ ಮತ್ತು ಅವರ ತಂಡ 1993ರಲ್ಲಿ ಒಂದು ಪುಟ್ಟ ಹಳ್ಳದ ಮೇಲೆ ಬಲೆ ಹೊದಿಸಿ ಒಂದೆಲೆಯೂ ಬೀಳದಂತೆ ತಡೆಯಿತು. 1997ರಲ್ಲಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ವರದಿ ಮಾಡಿದಂತೆ, ಎಲೆ ತಿನ್ನುವ ಹುಳಗಳು ಕುಸಿದವು, ಅವುಗಳ ಹಿಂದೆಯೇ ಅವನ್ನು ತಿಂದು ಬದುಕುವ ಬೇಟೆಗಾರ ಹುಳಗಳೂ ಕುಸಿದವು. ನೀರು ಹಾಗೇ ಇತ್ತು, ಕಲ್ಲು ಹಾಗೇ ಇತ್ತು. ಮರದ ನಂಟೊಂದನ್ನು ತಪ್ಪಿಸಿದ್ದಕ್ಕೆ ಹಳ್ಳ ಉಪವಾಸ ಬಿತ್ತು.

ಕಾಡು ಹೋದಾಗ, ಕಾಡು ಬಂದಾಗ

ಹತ್ತೊಂಬತ್ತನೆಯ ಶತಮಾನದ ಕೊನೆ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಪಲೇಶಿಯನ್ ಬೆಟ್ಟಗಳನ್ನು ನಾಟಾಕ್ಕಾಗಿ ಬೋಳಿಸಿದಾಗ ಆದದ್ದೂ ಇದೇ. ನೆರಳು ಹೋಗಿ ನೀರು ಬಿಸಿಯಾಯಿತು, ಮಣ್ಣು ಕೊಚ್ಚಿಬಂದು ಮೊಟ್ಟೆಯಿಡುವ ಹರಳುಗಳ ಮೇಲೆ ಹೂಳಾಗಿ ಕೂತಿತು. ಬ್ರೂಕ್ ಟ್ರೌಟ್ ಹಳ್ಳಗಳ ನೆತ್ತಿಗೆ ಸರಿಯಿತು. ಖಾಲಿಯಾದ ನೀರಿಗೆ ಬೇರೆಡೆಯ ಮೀನು ತಂದು ಬಿಟ್ಟರು. ಕ್ಯಾಲಿಫೋರ್ನಿಯಾದಿಂದ ರೇನ್‌ಬೋ ಟ್ರೌಟ್ ಬಂತು. 1883ರಲ್ಲಿ ಜರ್ಮನಿಯಿಂದ ಹಡಗಿನಲ್ಲಿ ಬ್ರೌನ್ ಟ್ರೌಟಿನ ಮೊಟ್ಟೆ ಬಂತು. ದೊಡ್ಡದಾಗಿ, ಬೇಗ ಬೆಳೆಯುವ ಈ ಹೊರಗಿನವು ತಗ್ಗಿನ ನೀರನ್ನೆಲ್ಲ ತಮ್ಮದಾಗಿಸಿಕೊಂಡವು. ಮೂಲನಿವಾಸಿಗೆ ಎಷ್ಟೋ ಕಡೆ ಜಲಪಾತದ ಮೇಲಿನ ಹಳ್ಳ ಮಾತ್ರ ಉಳಿಯಿತು.

ಆ ಹೊತ್ತಿಗೂ ರಾಪಿಡಾನ್‌ನಲ್ಲಿ ಟ್ರೌಟ್ ಇತ್ತು. 1929ರಲ್ಲಿ ಅಧ್ಯಕ್ಷರಾದ ಹರ್ಬರ್ಟ್ ಹೂವರ್ ತಮ್ಮ ಬಿಡಾರಕ್ಕೆ ಜಾಗ ಹುಡುಕಿಸಿದಾಗ ಹಾಕಿದ ಷರತ್ತು ಮೂರು: ವಾಷಿಂಗ್ಟನ್‌ನಿಂದ 100 ಮೈಲಿಯೊಳಗಿರಬೇಕು, 2,500 ಅಡಿಗಿಂತ ಎತ್ತರದಲ್ಲಿರಬೇಕು, ಟ್ರೌಟ್ ಹಳ್ಳ ಪಕ್ಕದಲ್ಲೇ ಇರಬೇಕು. ಮಿಲ್ ಪ್ರಾಂಗ್, ಲಾರೆಲ್ ಪ್ರಾಂಗ್ ಎಂಬ ಎರಡು ತೊರೆಗಳು ಕೂಡಿ ರಾಪಿಡಾನ್ ಆಗುವ ಸಂಗಮದಲ್ಲಿ ಆ ಬಿಡಾರ ಎದ್ದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ರಿಟನ್ ಪ್ರಧಾನಿ ರಾಮ್ಸೆ ಮ್ಯಾಕ್‌ಡೊನಾಲ್ಡ್ ಅಲ್ಲಿಗೆ ಬಂದರು. ಹಳ್ಳದ ಪಕ್ಕದ ಮರದ ದಿಮ್ಮಿಯ ಮೇಲೆ ಕುಳಿತು ಇಬ್ಬರೂ ನೌಕಾಪಡೆಗಳ ಶಸ್ತ್ರಕಡಿತದ ಮಾತಾಡಿದರು. ಮರುವರ್ಷ ಲಂಡನ್ನಿನಲ್ಲಿ ಆ ಕುರಿತ ಸಮ್ಮೇಳನ ನಡೆಯಿತು.

ಶೆನಂಡೋವ ಉದ್ಯಾನ 1935ರಲ್ಲಿ ಸ್ಥಾಪನೆಯಾಯಿತು. ಅದಕ್ಕಾಗಿ ಬೆಟ್ಟದ ನೂರಾರು ಕುಟುಂಬಗಳನ್ನು ಒಕ್ಕಲೆಬ್ಬಿಸಲಾಯಿತು. ಅವರ ಮನೆಯ ಕಲ್ಲಿನ ಬುನಾದಿಗಳು, ಚಿಮಣಿಗಳು ಇಂದಿಗೂ ಹಳ್ಳದ ದಡದಲ್ಲಿ ಎದುರಾಗುತ್ತವೆ. ಅವರು ತೆತ್ತ ಬೆಲೆಯನ್ನು ಮರೆತು ಈ ಕಾಡನ್ನು ಹೊಗಳುವುದು ನ್ಯಾಯವಲ್ಲ. ಹೊಲ, ಹುಲ್ಲುಗಾವಲುಗಳ ಮೇಲೆ ಮರ ಬೆಳೆದು ನೆರಳು ಮರಳಿತು, ನೀರು ತಣ್ಣಗಾಯಿತು, ಹಳ್ಳಕ್ಕೆ ಎಲೆ ಬಿತ್ತು, ಮೀನು ಹೆಚ್ಚಿತು.

ಅಲ್ಲಿಗೆ ಎಲ್ಲವೂ ಸರಿಹೋಗಲಿಲ್ಲ. ಜಪಾನಿನಿಂದ ಬಂದ ಹೆಮ್ಲಾಕ್ ವೂಲಿ ಅಡೆಲ್ಜಿಡ್ ಎಂಬ ಸಣ್ಣ ಕೀಟ 1951ರಲ್ಲಿ ವರ್ಜೀನಿಯಾದ ರಿಚ್ಮಂಡ್ ಬಳಿ ಕಾಣಿಸಿಕೊಂಡಿತು. ವರ್ಷವಿಡೀ ಹಸಿರಾಗಿದ್ದು ಹಳ್ಳಕ್ಕೆ ದಟ್ಟ ನೆರಳು ಹಿಡಿದಿದ್ದ ಹೆಮ್ಲಾಕ್ ಮರಗಳನ್ನು ಅದು ಮುಂದೆ ಉದ್ಯಾನದಲ್ಲಿ ಬಹುಪಾಲು ಕೊಂದುಹಾಕಿತು. ಲಿಂಬರ್‌ಲಾಸ್ಟ್ ಎಂಬಲ್ಲಿದ್ದ ಹಳೆಯ ಹೆಮ್ಲಾಕ್ ತೋಪು ಹೀಗೆಯೇ ಅಳಿಯಿತು.

ನೀರಿನ ಲೆಕ್ಕ ಇಟ್ಟವರು

ಮತ್ತೊಂದು ಪೆಟ್ಟು ಆಕಾಶದಿಂದ ಬಂತು. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳ ಹೊಗೆ ಆಮ್ಲಮಳೆಯಾಗಿ ಬೆಟ್ಟದ ಮೇಲೆ ಸುರಿಯಿತು. ಬಸಾಲ್ಟ್ ಕಲ್ಲಿನ ಮೇಲೆ ಹರಿಯುವ ಹಳ್ಳಗಳು ಆಮ್ಲವನ್ನು ತಕ್ಕಮಟ್ಟಿಗೆ ತಡೆದುಕೊಂಡವು. ಮರಳುಗಲ್ಲಿನ ಮೇಲಿನ ಪೇನ್ ರನ್‌ನಂಥ ಹಳ್ಳಗಳಿಗೆ ಆ ಶಕ್ತಿ ಇರಲಿಲ್ಲ. ಆಮ್ಲ ಮಣ್ಣಿನ ಅಲ್ಯೂಮಿನಿಯಂ ಅನ್ನು ಕರಗಿಸಿ ನೀರಿಗಿಳಿಸುತ್ತದೆ, ಅದು ಮೀನಿನ ಕಿವಿರನ್ನು ಕೆಡಿಸುತ್ತದೆ. ಚಳಿಗಾಲ, ವಸಂತದ ಮಳೆಗೆ ಆಮ್ಲ ಒಮ್ಮೆಲೇ ಏರಿದಾಗ ಮೊದಲು ಸಾಯುವುದು ಹರಳಿನಡಿಯ ಮರಿಗಳು. ಸೇಂಟ್ ಮೇರೀಸ್ ಎಂಬ ಹಳ್ಳವನ್ನು ಉಳಿಸಲು 1999ರಲ್ಲಿ ಹೆಲಿಕಾಪ್ಟರಿನಿಂದ ಸುಣ್ಣಕಲ್ಲಿನ ಮರಳು ಸುರಿಯಬೇಕಾಯಿತು.

ಯಾವ ಹಳ್ಳಕ್ಕೆ ಎಷ್ಟು ಪೆಟ್ಟು ಬಿದ್ದಿದೆ ಎಂದು ತಿಳಿಯಲು ವರ್ಜೀನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 1987ರಲ್ಲಿ ಸಮೀಕ್ಷೆ ಕೈಗೊಂಡರು. ದುರ್ಗಮ ಬೆಟ್ಟಗಳ ನೂರಾರು ಹಳ್ಳಗಳಿಂದ ಅದೇ ಕೆಲವು ದಿನಗಳಲ್ಲಿ ನೀರು ತರುವವರು ಯಾರು? ಗಾಳಗಾರರು. 1959ರಲ್ಲಿ ಮಿಷಿಗನ್‌ನ ಔ ಸೇಬಲ್ ನದಿಯ ದಡದಲ್ಲಿ ಹುಟ್ಟಿದ ‘ಟ್ರೌಟ್ ಅನ್‌ಲಿಮಿಟೆಡ್’ ಸಂಘಟನೆಯ ಸದಸ್ಯರು ಬಾಟಲಿ ಹಿಡಿದು ಬೆಟ್ಟ ಹತ್ತಿದರು. 2000, 2010, 2021ರಲ್ಲಿ ಮತ್ತೆ ಹತ್ತಿದರು. 1990ರಲ್ಲಿ ಬಿಗಿಯಾದ ವಾಯುಮಾಲಿನ್ಯ ಕಾನೂನಿನಿಂದ ಗಂಧಕದ ಹೊಗೆ ಇಳಿದ ಮೇಲೆ ಎಷ್ಟೋ ಹಳ್ಳಗಳು ಚೇತರಿಸಿಕೊಳ್ಳುತ್ತಿವೆ ಎಂಬುದನ್ನು ಈ ನೀರೇ ಸಾಕ್ಷಿ ನುಡಿದು ತೋರಿಸಿತು.

ನಮ್ಮ ಹಳ್ಳಗಳ ಮಾತು

ಮಲೆನಾಡಿನವರಿಗೆ ಇದೆಲ್ಲ ದೂರದ ಕಥೆಯಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹೊಳೆಯ ಮೀನು ಹಳ್ಳಕ್ಕೆ, ತೋಡಿಗೆ, ಗದ್ದೆಯ ನೀರಿಗೆ ಹತ್ತಿ ಬರುತ್ತದೆ. ಕೂಣಿ, ಕತ್ತಿ, ಟಾರ್ಚು ಹಿಡಿದು ‘ಹತ್ತುಮೀನು’ ಹೊಡೆಯಲು ಹೋಗುವುದು ನಮ್ಮ ಊರುಗಳ ಹಳೆಯ ಸಡಗರ. ಹತ್ತಿ ಬರುವ ಮೀನಿನ ಹೊಟ್ಟೆಯಲ್ಲಿರುವುದು ಮೊಟ್ಟೆ. ಕಡಲಿನಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿದೆ. ಆ ವಿವೇಕವನ್ನು ನಮ್ಮೂರಿನ ಹಳ್ಳಕ್ಕೂ ನಾವೇ ತಂದುಕೊಳ್ಳಬೇಕು. ಹತ್ತುವ ಮೀನು ಮೊಟ್ಟೆಯಿಟ್ಟು ಇಳಿಯುವವರೆಗೆ ಕಾದರೆ ಹಳ್ಳ ಬರಿದಾಗುವುದಿಲ್ಲ.

ಹೊರಗಿನ ಮೀನು ತಂದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲೇ ಉದಾಹರಣೆಯಿದೆ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಾಹಶೀರ್ ಇಂದು ಅಳಿವಿನ ಅಂಚಿಗೆ ಬಂದಿದೆ. ಮೀನುಮರಿ ಕೇಂದ್ರದಲ್ಲಿ ಬೆಳೆಸಿ ದಶಕಗಳ ಕಾಲ ಕಾವೇರಿಗೆ ಬಿಟ್ಟ ನೀಲಿರೆಕ್ಕೆಯ ಮಾಹಶೀರ್ ಅದರ ಜಾಗ ತುಂಬಿಕೊಂಡಿದ್ದು ಇದಕ್ಕೆ ದೊಡ್ಡ ಕಾರಣಗಳಲ್ಲೊಂದು. ಆ ದೈತ್ಯನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಂದದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಯನ್ನೂ ಸೇರಿತು.

ಪಶ್ಚಿಮಘಟ್ಟದ ಪ್ರತಿ ಹಳ್ಳದ ಪಕ್ಕದಲ್ಲೂ ಅದನ್ನು ಬಲ್ಲ ಜನರಿದ್ದಾರೆ. ತೋಟದವರು, ಗಾಳ ಹಾಕುವ ಹುಡುಗರು, ನೀರು ತರುವ ಹೆಂಗಸರು, ಶಾಲೆಯ ಮೇಷ್ಟರು. ಯಾವ ತಿಂಗಳು ನೀರು ಬತ್ತಿತು, ಯಾವ ಮಳೆಗೆ ಯಾವ ಮೀನು ಹತ್ತಿತು, ಯಾವ ಗುಂಡಿಗೆ ಹೂಳು ತುಂಬಿತು, ದಡದ ಯಾವ ಮರ ಬಿತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ವರ್ಷ ವರ್ಷ ಬರೆದಿಟ್ಟರೂ ಸಾಕು. ಹತ್ತು ವರ್ಷ ಕಳೆದ ಮೇಲೆ ಹಳ್ಳದ ಪರವಾಗಿ ವಾದಿಸಲು ಅದಕ್ಕಿಂತ ಗಟ್ಟಿಯಾದ ದಾಖಲೆ ಬೇರೆ ಇರುವುದಿಲ್ಲ. ವರ್ಜೀನಿಯಾದಲ್ಲಿ ಆ ಕೆಲಸಕ್ಕೆ ಬೆಟ್ಟ ಹತ್ತಿದವರು ಮೀನು ಹಿಡಿಯುವವರು. ನಮ್ಮಲ್ಲೂ ಮೊದಲು ಕೈಹಾಕಬೇಕಾದವರು ಅವರೇ.